ಕನ್ಸೋಲ್ ಸರ್ವರ್ ಮೇಲೆ ಸಿಸ್‌ಲಾಗ್ ಮೂಲಕ ಕಣ್ಣಿಡುವುದು ಹೇಗೆ

ಕನ್ಸೋಲ್ ಸರ್ವರ್ ಅಂದರೆ ರೂಟರ್, ಸ್ವಿಚ್, ಸರ್ವರ್‌ಗಳ ಸೀರಿಯಲ್ ಕನ್ಸೋಲ್‌ಗಳನ್ನೆಲ್ಲ ಸಿಕ್ಕಿಸಿಟ್ಟು, ಅವುಗಳ ನೆಟ್‌ವರ್ಕ್ ಹೋದರೂ ದೂರದಿಂದ ಒಳಹೋಗಲು ಬಿಡುವ ಪೆಟ್ಟಿಗೆ. ಅದು ನೆನಪಾಗುವುದೇ ಬೇರೆಲ್ಲ ಕೈಕೊಟ್ಟ ಮೇಲೆ. ನನಗೂ ಒಂದು ರಾತ್ರಿ ಎರಡು ಗಂಟೆಗೆ ನೆನಪಾಯಿತು. ಕಾನ್ಫಿಗ್ ಬದಲಿಸುವಾಗ ಆದ ಒಂದು ತಪ್ಪಿಗೆ ಕೋರ್ ಸ್ವಿಚ್ ನೆಟ್‌ವರ್ಕ್‌ನಿಂದಲೇ ಮಾಯವಾಗಿತ್ತು. ಪರವಾಗಿಲ್ಲ, ಕನ್ಸೋಲ್ ಇದೆಯಲ್ಲ ಅಂತ ಧೈರ್ಯವಾಗಿ ಅದಕ್ಕೆ ಎಸ್‌ಎಸ್‌ಎಚ್ (ದೂರದಿಂದ ಲಾಗಿನ್) ಮಾಡಿದರೆ ಉತ್ತರವೇ ಇಲ್ಲ. ಬೆಳಿಗ್ಗೆ ರ‍್ಯಾಕ್ ಹತ್ತಿರ ಹೋದಾಗ ಗೊತ್ತಾಯಿತು, ಆ ಪೆಟ್ಟಿಗೆಯ ಪವರ್ ಸಪ್ಲೈ ಹೋಗಿ ವಾರಗಳೇ ಆಗಿದ್ದವು. ಬೇರೆ ಪವರ್ ಸಪ್ಲೈ ಹಾಕಿ, ಆನ್ ಮಾಡಿ, ಒಳಗಿನ ಲಾಗ್ ತೆರೆದೆವು. ಪೂರ್ತಿ ಸಾಯುವ ಮೊದಲಿನ ಎರಡು ದಿನಗಳಲ್ಲಿ ಅದು ಹನ್ನೊಂದು ಸಲ ರೀಬೂಟ್ ಆಗಿತ್ತು. ಪ್ರತಿ ಸಲವೂ ನೀಟಾಗಿ ಬರೆದಿಟ್ಟಿತ್ತು, ಆದರೆ ತನ್ನೊಳಗೇ. ಅದನ್ನು ಹೊರಗೆ ಕಳಿಸುವ ಏರ್ಪಾಡನ್ನು ನಾವೇ ಮಾಡಿರಲಿಲ್ಲ.

ಆ ಏರ್ಪಾಡು ಮಾಡುವುದು ಹೇಗೆ ಅಂತ ಇಲ್ಲಿ ಹೇಳುತ್ತೇನೆ. ಅದಕ್ಕೆ ಬಳಸುವುದು ಸಿಸ್‌ಲಾಗ್, ಅಂದರೆ ಸಾಧನ ತನ್ನ ಲಾಗ್ ಸಾಲುಗಳನ್ನು ನೆಟ್‌ವರ್ಕ್ ಮೂಲಕ ಬೇರೊಂದು ಯಂತ್ರಕ್ಕೆ, ಲಾಗ್ ಸರ್ವರಿಗೆ, ಕಳಿಸುವ ಪದ್ಧತಿ. ಯಾವ ಕಂಪನಿಯ ಕನ್ಸೋಲ್ ಸರ್ವರ್ ಆದರೂ ಹೆಚ್ಚುಕಡಿಮೆ ಇದೇ ದಾರಿ. ಮೆನುವಿನ ಹೆಸರುಗಳು ಬೇರೆ ಇರಬಹುದು, ಅಷ್ಟೇ.

ಒಂದೇ ಪೆಟ್ಟಿಗೆ, ಎರಡು ಬಗೆಯ ಮೆಸೇಜು

ಕೆಲಸ ಶುರು ಮಾಡುವ ಮೊದಲು ಇದೊಂದು ತಲೆಯಲ್ಲಿರಲಿ. ಕನ್ಸೋಲ್ ಸರ್ವರ್‌ನಿಂದ ಬರುವ ಸಿಸ್‌ಲಾಗ್‌ನಲ್ಲಿ ಎರಡು ಬಗೆ ಇದೆ.

ಒಂದು, ಪೆಟ್ಟಿಗೆಯ ಸ್ವಂತ ಸುದ್ದಿ. ಯಾರು ಲಾಗಿನ್ ಆದರು, ಯಾರ ಪಾಸ್‌ವರ್ಡ್ ತಪ್ಪಾಯಿತು, ಏಳನೇ ಸೀರಿಯಲ್ ಪೋರ್ಟ್ ಯಾರು ತೆರೆದರು, ಎರಡು ಪವರ್ ಸಪ್ಲೈಗಳಲ್ಲಿ ಒಂದು ಹೋಯಿತಾ, ಎತರ್ನೆಟ್ ಲಿಂಕ್ ಬಿತ್ತಾ, ಇಂಥವು.

ಇನ್ನೊಂದು, ಸೀರಿಯಲ್ ಪೋರ್ಟ್‌ಗಳಲ್ಲಿ ಹರಿಯುವ ಮಾತು. ಅಂದರೆ ಆ ತುದಿಯಲ್ಲಿರುವ ರೂಟರ್, ಸ್ವಿಚ್ ಅಥವಾ ಸರ್ವರ್ ತನ್ನ ಕನ್ಸೋಲ್ ಮೇಲೆ ಏನು ಮುದ್ರಿಸುತ್ತದೋ ಅದನ್ನೆಲ್ಲ ಸಾಲು ಸಾಲಾಗಿ ಹಿಡಿದು ಸಿಸ್‌ಲಾಗ್ ಆಗಿ ಕಳಿಸುವುದು. ಇದನ್ನು ಪೋರ್ಟ್ ಲಾಗಿಂಗ್ ಅಥವಾ ಪೋರ್ಟ್ ಬಫರಿಂಗ್ ಅನ್ನುತ್ತಾರೆ. ಬಹಳ ಕಡೆ ಇದನ್ನು ಬೇರೆಯಾಗಿ ಆನ್ ಮಾಡಬೇಕು.

ಇವೆರಡನ್ನೂ ಒಂದೇ ಫೈಲಿಗೆ ಸುರಿದರೆ ಮೊದಲನೆಯದು ಎರಡನೆಯದರಲ್ಲಿ ಮುಳುಗಿಹೋಗುತ್ತದೆ. ಒಂದು ರೂಟರ್ ಬೂಟ್ ಆದರೆ ಸಾಕು, ನೂರಾರು ಸಾಲು ಬರುತ್ತವೆ. ಅದರ ನಡುವೆ "ಪವರ್ ಸಪ್ಲೈ 2 ಫೇಲ್" ಅನ್ನುವ ಒಂದೇ ಒಂದು ಸಾಲು ಯಾರ ಕಣ್ಣಿಗೆ ಬೀಳುತ್ತದೆ? ಆದ್ದರಿಂದ ಮೊದಲಿನಿಂದಲೇ ಬೇರೆ ಬೇರೆ ಇಡಿ.

ಮೊದಲು ಗಡಿಯಾರ

ಎನ್‌ಟಿಪಿ (ನೆಟ್‌ವರ್ಕ್ ಮೂಲಕ ಗಡಿಯಾರ ಸರಿಯಿಡುವ ಪದ್ಧತಿ) ಹಾಕಿ. ಎರಡು ಸರ್ವರ್‌ಗಳ ಐಪಿ ಕೊಡಿ. ಟೈಮ್‌ಝೋನ್ ಎಲ್ಲ ಸಾಧನಗಳಲ್ಲೂ ಒಂದೇ ಇರಲಿ. ನಾನಂತೂ ಯುಟಿಸಿ ಇಟ್ಟುಬಿಡುತ್ತೇನೆ.

ಇಷ್ಟು ಯಾಕೆ ಹೇಳುತ್ತೇನೆ ಅಂದರೆ, ಹಳೆಯ ಮಾದರಿಯ ಸಿಸ್‌ಲಾಗ್ ಮೆಸೇಜಿನಲ್ಲಿ ವರ್ಷವೂ ಇರುವುದಿಲ್ಲ, ಟೈಮ್‌ಝೋನೂ ಇರುವುದಿಲ್ಲ. 1980ರ ದಶಕದಲ್ಲಿ ಎರಿಕ್ ಆಲ್‌ಮನ್ ಸೆಂಡ್‌ಮೇಲ್ ಎಂಬ ಇಮೇಲ್ ಪ್ರೋಗ್ರಾಮ್ ಜೊತೆಗೆ ಸಿಸ್‌ಲಾಗ್ ಬರೆದಾಗ ಅದಕ್ಕೊಂದು ಸ್ಟ್ಯಾಂಡರ್ಡ್ ಅಂತ ಏನೂ ಇರಲಿಲ್ಲ. ಆಗಲೇ ಬಳಕೆಯಲ್ಲಿದ್ದುದನ್ನು 2001ರಲ್ಲಿ ಆರ್‌ಎಫ್‌ಸಿ 3164 ಎಂಬ ಇಂಟರ್ನೆಟ್ ದಾಖಲೆ ಬರೆದಿಟ್ಟಿತು. ವರ್ಷ, ಟೈಮ್‌ಝೋನ್ ಎಲ್ಲ ಸೇರಿದ ಸರಿಯಾದ ಸಮಯ ಬಂದದ್ದು 2009ರ ಆರ್‌ಎಫ್‌ಸಿ 5424ರಲ್ಲಿ. ನಿಮ್ಮ ಪೆಟ್ಟಿಗೆಯಲ್ಲಿ 5424 ಆರಿಸುವ ಅವಕಾಶ ಇದ್ದರೆ ಅದನ್ನೇ ಆರಿಸಿ. ಹಳೆಯದರಲ್ಲಿ ಇರುವುದಿಲ್ಲ, ಬಿಡಿ.

ಇನ್ನೊಂದು ಮಾತು. ಗಡಿಯಾರದ ಬ್ಯಾಟರಿ ಸತ್ತ ಪೆಟ್ಟಿಗೆ ಬೂಟ್ ಆದಾಗ ಎನ್‌ಟಿಪಿ ಸಿಗುವವರೆಗೂ ಜನವರಿ 1 ಅನ್ನುತ್ತಿರುತ್ತದೆ. ಹಾಗಾಗಿ ಮೆಸೇಜಿನಲ್ಲಿರುವ ಸಮಯದ ಜೊತೆಗೆ, ಮೆಸೇಜು ನಿಮ್ಮ ಲಾಗ್ ಸರ್ವರಿಗೆ ತಲುಪಿದ ಸಮಯವನ್ನೂ ಬರೆದಿಡಿ. ಆರ್‌ಸಿಸ್‌ಲಾಗ್‌ನಲ್ಲಿ (ಲಿನಕ್ಸ್‌ನ ಒಂದು ಸಿಸ್‌ಲಾಗ್ ಪ್ರೋಗ್ರಾಮ್) ಇವು ಟೈಮ್‌ರಿಪೋರ್ಟೆಡ್, ಟೈಮ್‌ಜನರೇಟೆಡ್ ಅಂತ ಬೇರೆ ಬೇರೆ ಪ್ರಾಪರ್ಟಿಗಳು. ಎರಡರ ನಡುವೆ ಗಂಟೆಗಟ್ಟಲೆ ಅಂತರ ಕಂಡರೆ ಅದೇ ಒಂದು ಸುದ್ದಿ.

ಲಾಗ್ ಸರ್ವರ್ ಕಡೆಯ ಕೆಲಸ

ಲಿನಕ್ಸ್ ಯಂತ್ರದಲ್ಲಿ ಆರ್‌ಸಿಸ್‌ಲಾಗ್ ಇದೆ ಅಂದುಕೊಳ್ಳೋಣ. ಹೊರಗಿನ ಮೆಸೇಜು ಸ್ವೀಕರಿಸಲು ಐಎಂಯುಡಿಪಿ, ಐಎಂಟಿಸಿಪಿ ಎಂಬ ಎರಡು ಮಾಡ್ಯೂಲ್‌ಗಳಿವೆ. ಮುಖ್ಯ ಕಾನ್ಫಿಗ್ ಫೈಲಿನಲ್ಲಿ ಆ ಸಾಲುಗಳು ಸಾಮಾನ್ಯವಾಗಿ ಮೊದಲೇ ಇರುತ್ತವೆ, ಮುಂದೆ ಹ್ಯಾಶ್ ಗುರುತು ಹಾಕಿ ಮುಚ್ಚಿರುತ್ತಾರೆ. ಹ್ಯಾಶ್ ತೆಗೆದು ಸರ್ವಿಸ್ ರೀಸ್ಟಾರ್ಟ್ ಮಾಡಿ. ಫೈರ್‌ವಾಲ್‌ನಲ್ಲಿ ಯುಡಿಪಿ 514 ತೆರೆಯಿರಿ, ಟಿಸಿಪಿ ಬಳಸುವುದಾದರೆ ಅದನ್ನೂ. ಎಲ್ಲರಿಗೂ ತೆರೆಯಬೇಡಿ, ಕನ್ಸೋಲ್ ಸರ್ವರ್‌ಗಳ ಐಪಿಗೆ ಮಾತ್ರ ಸಾಕು.

ಯುಡಿಪಿಯೋ ಟಿಸಿಪಿಯೋ? ಯುಡಿಪಿಯಲ್ಲಿ ಮೆಸೇಜು ದಾರಿಯಲ್ಲಿ ಬಿದ್ದುಹೋದರೆ ಕಳಿಸಿದವರಿಗೂ ಗೊತ್ತಾಗುವುದಿಲ್ಲ, ಪಡೆಯುವವರಿಗೂ ಗೊತ್ತಾಗುವುದಿಲ್ಲ. ಟಿಸಿಪಿ ಇದ್ದರೆ ಟಿಸಿಪಿ ಹಾಕಿ. ಮ್ಯಾನೇಜ್‌ಮೆಂಟ್ ನೆಟ್‌ವರ್ಕ್ ದಾಟಿ ಹೋಗುವ ಲಾಗ್ ಆದರೆ ಟಿಎಲ್‌ಎಸ್ (ದಾರಿಯಲ್ಲಿ ಯಾರೂ ಓದದಂತೆ ಗುಪ್ತವಾಗಿ ಕಳಿಸುವುದು) ಬೇಕೇ ಬೇಕು, ಅದರ ಪೋರ್ಟ್ 6514. ಯುಡಿಪಿಯ ಪರವಾಗಿ ಒಂದು ಮಾತು ಹೇಳಬಹುದು: ಪೆಟ್ಟಿಗೆ ಕೊನೆಯುಸಿರು ಎಳೆಯುವಾಗ ಕೈಕುಲುಕಿ ಕನೆಕ್ಷನ್ ಕಟ್ಟುವಷ್ಟು ಪುರುಸೊತ್ತು ಇರುವುದಿಲ್ಲ. ಒಂದೇ ಪ್ಯಾಕೆಟ್ ಎಸೆದು ಹೋಗಬಹುದು, ಅಷ್ಟೇ. ಎರಡು ಲಾಗ್ ಸರ್ವರ್ ಇರುವ ಕಡೆ ನಾನು ಒಂದಕ್ಕೆ ಟಿಸಿಪಿ, ಇನ್ನೊಂದಕ್ಕೆ ಯುಡಿಪಿ ಹಾಕಿದ್ದೂ ಇದೆ.

ಮೆಸೇಜುಗಳನ್ನು ಬೇರೆ ಮಾಡುವ ನಿಯಮವನ್ನು ಮೊದಲು ಕಳಿಸಿದವರ ಐಪಿ ಮೇಲೆ ಬರೆಯಿರಿ, ಅದರೊಳಗೆ ಪೋರ್ಟ್ ಮಾತನ್ನು ಫೆಸಿಲಿಟಿ (ಮೆಸೇಜು ಯಾವ ಬಗೆಯದು ಅನ್ನುವ ಅಂಕಿ) ನೋಡಿ ಬೇರೆ ಮಾಡಿ. ಫೆಸಿಲಿಟಿ ಒಂದನ್ನೇ ನಂಬಬೇಡಿ, ಕಾರಣ ಈಗಲೇ ಹೇಳುತ್ತೇನೆ. ನಿಯಮದ ಕೊನೆಯಲ್ಲಿ ಸ್ಟಾಪ್ ಹಾಕಲು ಮರೆಯಬೇಡಿ. ಇಲ್ಲದಿದ್ದರೆ ಅದೇ ಸಾಲುಗಳು ಲಾಗ್ ಸರ್ವರ್‌ನ ಸ್ವಂತ ಲಾಗ್ ಫೈಲಿಗೂ ಹೋಗಿ ಬೀಳುತ್ತವೆ.

ಕನ್ಸೋಲ್ ಸರ್ವರ್ ಕಡೆಯ ಕೆಲಸ

ಸಿಸ್‌ಲಾಗ್ ಪುಟಕ್ಕೆ ಹೋಗಿ ಲಾಗ್ ಸರ್ವರ್‌ನ ವಿಳಾಸ ಕೊಡಿ. ಹೆಸರು ಬೇಡ, ಐಪಿ ಕೊಡಿ. ಡಿಎನ್‌ಎಸ್ ಬಿದ್ದ ದಿನವೇ ನಿಮಗೆ ಈ ಲಾಗ್ ಬೇಕಾಗುವುದು.

ಮುಂದಿನದು ಫೆಸಿಲಿಟಿ. ಒಟ್ಟು 24 ಇವೆ, 0ಯಿಂದ 23ರವರೆಗೆ. ಕೊನೆಯ ಎಂಟು ನಮ್ಮಂಥವರಿಗಾಗಿ ಬಿಟ್ಟಿದ್ದು, ಲೋಕಲ್0ಯಿಂದ ಲೋಕಲ್7. ಲೋಕಲ್7 ಮುಟ್ಟಬೇಡಿ. ಸಿಸ್ಕೊ ಸಾಧನಗಳು ತಾವಾಗಿಯೇ ಅದನ್ನು ಬಳಸುತ್ತವೆ. ರೆಡ್‌ಹ್ಯಾಟ್ ಬಗೆಯ ಲಿನಕ್ಸ್‌ಗಳಲ್ಲಿ ಲೋಕಲ್7 ಅಂದರೆ ಬೂಟ್ ಲಾಗ್ ಫೈಲ್. ಪೆಟ್ಟಿಗೆಯ ಸ್ವಂತ ಸುದ್ದಿಗೆ ಲೋಕಲ್5, ಪೋರ್ಟ್ ಮಾತಿಗೆ ಲೋಕಲ್6 ಇಡಿ.

ಸಿವಿಯರಿಟಿ, ಅಂದರೆ ತೀವ್ರತೆ, 0ಯಿಂದ 7. ಸೊನ್ನೆ ಎಂದರೆ ಎಮರ್ಜೆನ್ಸಿ, 7 ಎಂದರೆ ಡೀಬಗ್. ನಡುವೆ ಕ್ರಮವಾಗಿ ಅಲರ್ಟ್, ಕ್ರಿಟಿಕಲ್, ಎರರ್, ವಾರ್ನಿಂಗ್, ನೋಟಿಸ್, ಇನ್ಫೊ. ಅಂಕಿ ಚಿಕ್ಕದಾದಷ್ಟೂ ವಿಷಯ ದೊಡ್ಡದು. ಇಲ್ಲಿ ಜಾಸ್ತಿ ಜನ ಎಡವುತ್ತಾರೆ. "ವಾರ್ನಿಂಗ್ ಮತ್ತು ಮೇಲಿನದು ಸಾಕು" ಅಂತ ಇಟ್ಟುಬಿಡುತ್ತಾರೆ. ಆದರೆ ಸರಿಯಾದ ಲಾಗಿನ್, ಪೋರ್ಟ್ ತೆರೆದದ್ದು, ಮುಚ್ಚಿದ್ದು ಇವೆಲ್ಲ ಸಾಮಾನ್ಯವಾಗಿ ಇನ್ಫೊ ಅಥವಾ ನೋಟಿಸ್. ಯಾರು ಯಾವ ಪೋರ್ಟಿಗೆ ಹೋದರು ಅನ್ನುವುದೇ ಕಾಣದಿದ್ದರೆ ಕನ್ಸೋಲ್ ಸರ್ವರ್ ಲಾಗ್ ಇಟ್ಟು ಏನು ಲಾಭ? ಇನ್ಫೊವರೆಗೂ ಕಳಿಸಿ. ಪೆಟ್ಟಿಗೆಯ ಸ್ವಂತ ಸುದ್ದಿ ಅಷ್ಟೇನೂ ಜಾಸ್ತಿ ಇರುವುದಿಲ್ಲ. ಡೀಬಗ್ ಮಾತ್ರ ಬೇಡ.

ಪ್ಯಾಕೆಟ್ ಒಳಗೆ ಇವೆರಡೂ ಸೇರಿ ಒಂದೇ ಸಂಖ್ಯೆ ಆಗುತ್ತವೆ. ಫೆಸಿಲಿಟಿಯನ್ನು 8ರಿಂದ ಗುಣಿಸಿ ಸಿವಿಯರಿಟಿ ಕೂಡಿಸಬೇಕು. ಲೋಕಲ್5 ಎಂದರೆ 21. 21 ಗುಣಿಸು 8, 168. ನೋಟಿಸ್ 5. ಒಟ್ಟು 173. ಮೆಸೇಜಿನ ಶುರುವಿನಲ್ಲಿ <173> ಅಂತ ಕಾಣಿಸುತ್ತದೆ.

ಈ ಲೆಕ್ಕ ಯಾಕೆ ಗೊತ್ತಿರಬೇಕು? ನೀವು ಲೋಕಲ್5 ಅಂತ ಆರಿಸಿದ್ದರೂ ಒಂದು ದಿನ <86> ಅಂತ ಬರುತ್ತದೆ. 86ನ್ನು 8ರಿಂದ ಭಾಗಿಸಿದರೆ 10, ಉಳಿದದ್ದು 6. ಫೆಸಿಲಿಟಿ 10 ಎಂದರೆ ಆತ್‌ಪ್ರಿವ್ (ಲಾಗಿನ್ ಸುದ್ದಿಗೆ ಇರುವುದು), 6 ಎಂದರೆ ಇನ್ಫೊ. ಅಂದರೆ ಪೆಟ್ಟಿಗೆಯೊಳಗಿನ ಎಸ್‌ಎಸ್‌ಎಚ್ ಸರ್ವಿಸ್ ನಿಮ್ಮ ಸೆಟ್ಟಿಂಗ್ ಕೇಳದೆ ತನ್ನ ಅಭ್ಯಾಸದಂತೆ ಕಳಿಸಿದೆ. ಬಹಳಷ್ಟು ಕನ್ಸೋಲ್ ಸರ್ವರ್‌ಗಳ ಒಳಗೆ ಇರುವುದು ಲಿನಕ್ಸೇ, ಅಲ್ವಾ? ಹೀಗಾಗುವುದು ಸಹಜ. ನಿಯಮವನ್ನು ಐಪಿ ಮೇಲೆ ಬರೆಯಿರಿ ಅಂದದ್ದು ಇದಕ್ಕೇ.

ಒಳಗಿನ ಲಾಗ್ ಆಫ್ ಮಾಡಬೇಡಿ. ನೆಟ್‌ವರ್ಕ್ ಬಿದ್ದಿದ್ದಾಗ ಏನಾಯಿತು ಅನ್ನುವುದು ಅಲ್ಲೇ ಇರುತ್ತದೆ.

ಬರುತ್ತಿದೆಯಾ ನೋಡಿ

ಸೇವ್ ಒತ್ತಿ ಎದ್ದು ಹೋಗಬೇಡಿ. ಲಾಗ್ ಸರ್ವರ್‌ನಲ್ಲಿ ಟಿಸಿಪಿಡಂಪ್ (ಬರುವ ಪ್ಯಾಕೆಟ್ ತೋರಿಸುವ ಕಮಾಂಡ್) ಓಡಿಸಿ, 514ನೇ ಪೋರ್ಟ್ ಮೇಲೆ ಕಣ್ಣಿಡಿ. ಪಕ್ಕದ ಕಿಟಕಿಯಲ್ಲಿ ಫೈಲನ್ನು ಟೇಲ್ ಮಾಡಿಟ್ಟುಕೊಳ್ಳಿ. ಈಗ ಬೇಕೆಂದೇ ತಪ್ಪು ಪಾಸ್‌ವರ್ಡ್ ಹಾಕಿ ಲಾಗಿನ್ ಮಾಡಿ. ಆಮೇಲೆ ಸರಿಯಾಗಿ ಮಾಡಿ. ಒಂದು ಸೀರಿಯಲ್ ಪೋರ್ಟ್ ತೆರೆದು ಮುಚ್ಚಿ. ಎರಡು ಪವರ್ ಸಪ್ಲೈ ಇದ್ದರೆ ಒಂದರ ಕೇಬಲ್ ಎಳೆಯಿರಿ. ಯಾರೂ ಬಳಸದ ಒಂದು ಸಾಧನದ ಸೀರಿಯಲ್ ಕೇಬಲ್ ಕಿತ್ತು ನೋಡಿ.

ಪ್ಯಾಕೆಟ್ ಕಾಣಿಸಿ ಫೈಲಿನಲ್ಲಿ ಇಲ್ಲ ಅಂದರೆ ತಪ್ಪು ಫೈರ್‌ವಾಲ್‌ದು ಅಥವಾ ಆರ್‌ಸಿಸ್‌ಲಾಗ್ ನಿಯಮದ್ದು. ಪ್ಯಾಕೆಟ್ಟೇ ಕಾಣದಿದ್ದರೆ ದಾರಿಯಲ್ಲಿ ಎಲ್ಲೋ ನಿಂತಿದೆ. ಸೀರಿಯಲ್ ಕೇಬಲ್ ಕಿತ್ತಾಗ ಏನೂ ಬರದಿದ್ದರೆ ಗಾಬರಿ ಬೇಡ. ಸಾಧನ ಇದೆಯೋ ಇಲ್ಲವೋ ಅನ್ನುವುದನ್ನು ಪೆಟ್ಟಿಗೆ ತಿಳಿಯುವುದು ಡಿಸಿಡಿ ಅಥವಾ ಡಿಎಸ್‌ಆರ್ ಸಿಗ್ನಲ್‌ನಿಂದ. ಕಳಿಸು, ಪಡೆ, ಗ್ರೌಂಡ್ ಅಂತ ಮೂರೇ ತಂತಿ ಜೋಡಿಸಿದ ಕೇಬಲ್‌ನಲ್ಲಿ ಆ ಸಿಗ್ನಲ್ ಇರುವುದೇ ಇಲ್ಲ. ಯಾವ ಪೋರ್ಟ್‌ಗಳಲ್ಲಿ ಈ ಸುದ್ದಿ ಬರುತ್ತದೆ, ಯಾವುದರಲ್ಲಿ ಬರುವುದಿಲ್ಲ ಅಂತ ಪಟ್ಟಿ ಮಾಡಿಟ್ಟುಕೊಳ್ಳಿ.

ಪೋರ್ಟ್ ಲಾಗಿಂಗ್: ಲಾಭ ಇಲ್ಲೇ, ತಲೆನೋವೂ ಇಲ್ಲೇ

ಒಂದು ಸರ್ವರ್‌ನ ಕರ್ನಲ್ ಪ್ಯಾನಿಕ್ ಆಯಿತು, ಅಂದರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳೇ ಕುಸಿಯಿತು ಅನ್ನಿ. ಆ ಕ್ಷಣಕ್ಕೆ ಅದರ ಡಿಸ್ಕಿಗೆ ಬರೆಯುವುದು ನಿಂತಿರುತ್ತದೆ, ನೆಟ್‌ವರ್ಕ್ ನಿಂತಿರುತ್ತದೆ, ಅದರ ಸ್ವಂತ ಸಿಸ್‌ಲಾಗ್ ಕೂಡ ನಿಂತಿರುತ್ತದೆ. "ಕರ್ನಲ್ ಪ್ಯಾನಿಕ್ - ನಾಟ್ ಸಿಂಕಿಂಗ್" ಎಂಬ ಸಾಲು ಹೊರಬರುವುದು ಕನ್ಸೋಲ್ ಮೇಲೆ. ಬೂಟ್ ಸಾಲಿನಲ್ಲಿ ಸೀರಿಯಲ್ ಪೋರ್ಟನ್ನೇ ಕನ್ಸೋಲ್ ಅಂತ ಹೇಳಿದ್ದರೆ, ಆ ಸಾಲು ಕನ್ಸೋಲ್ ಸರ್ವರ್ ಮೂಲಕ ನಿಮ್ಮ ಲಾಗ್‌ಗೆ ಬರುತ್ತದೆ. ಸತ್ತ ಯಂತ್ರದ ಕೊನೆಯ ಮಾತು ಕೇಳಲು ಇದಕ್ಕಿಂತ ಸುಲಭದ ದಾರಿ ನನಗೆ ಸಿಕ್ಕಿಲ್ಲ.

ಆದರೆ ಇಲ್ಲೊಂದು ಮೋಸವಿದೆ. ಆ ಸಾಲಿಗೆ ಸಿವಿಯರಿಟಿ ಹಾಕುವುದು ಕನ್ಸೋಲ್ ಸರ್ವರ್. ಅದಕ್ಕೆ ಅಕ್ಷರ ಮಾತ್ರ ಗೊತ್ತು, ಅರ್ಥ ಗೊತ್ತಿಲ್ಲ. ಪೋರ್ಟಿಗೆ ನೀವು ಇನ್ಫೊ ಅಂತ ಇಟ್ಟಿದ್ದರೆ ಪ್ಯಾನಿಕ್ ಕೂಡ ಇನ್ಫೊ ಆಗಿಯೇ ಬರುತ್ತದೆ, ಬೂಟ್ ಬ್ಯಾನರ್ ಪಕ್ಕದಲ್ಲಿ ಸುಮ್ನೆ ಕೂತಿರುತ್ತದೆ. ಹಾಗಾಗಿ ಪೋರ್ಟ್ ಮಾತಿಗೆ ಸಿವಿಯರಿಟಿ ನೋಡಿ ಅಲರ್ಟ್ ಕಟ್ಟಬೇಡಿ. ಪದ ಹುಡುಕಿ ಕಟ್ಟಿ. ಸಿಸ್ಕೊ ಸಾಧನವಾದರೆ ಒಂದು ಅನುಕೂಲ ಇದೆ: ಮೆಸೇಜಿನಲ್ಲಿ ಒಂದು ಶೇಕಡಾ ಗುರುತು ಇರುತ್ತದೆ, ಅದರ ನಂತರ ಎರಡು ಅಡ್ಡಗೆರೆಗಳ ನಡುವಿನ ಅಂಕಿಯೇ ನಿಜವಾದ ತೀವ್ರತೆ. ಅದನ್ನು ಹಿಡಿಯುವ ಪ್ಯಾಟರ್ನ್ ಬರೆಯಿರಿ.

ಜಾಗದ ಲೆಕ್ಕ ಹಾಕಿಕೊಳ್ಳಿ. 9600 ಬಾಡ್, ಎಂಟು ಬಿಟ್, ಒಂದು ಸ್ಟಾರ್ಟ್, ಒಂದು ಸ್ಟಾಪ್ ಸೇರಿ ಒಂದು ಅಕ್ಷರಕ್ಕೆ 10 ಬಿಟ್. ಸೆಕೆಂಡಿಗೆ ಹೆಚ್ಚೆಂದರೆ 960 ಅಕ್ಷರ. 48 ಪೋರ್ಟ್‌ಗಳೂ ಒಟ್ಟಿಗೆ ದಿನವಿಡೀ ಬಡಬಡಿಸಿದರೆ ಸುಮಾರು 4 ಜಿಬಿ. 115200 ಬಾಡ್ ಆದರೆ ಅದರ 12 ಪಟ್ಟು. ನಿಜದಲ್ಲಿ ಅಷ್ಟೆಲ್ಲ ಬರುವುದಿಲ್ಲ, ಕನ್ಸೋಲ್‌ಗಳು ಹೆಚ್ಚು ಹೊತ್ತು ಸುಮ್ಮನಿರುತ್ತವೆ. ಆದರೂ ಲಾಗ್‌ರೊಟೇಟ್‌ನಲ್ಲಿ (ಹಳೆಯ ಲಾಗ್ ಫೈಲುಗಳನ್ನು ಆಗಾಗ ತೆಗೆದುಹಾಕುವ ಪ್ರೋಗ್ರಾಮ್) ದಿನದ ಜೊತೆ ಗಾತ್ರದ ಮಿತಿಯನ್ನೂ ಹಾಕಿ, ಯಾಕೆಂದರೆ ಒಂದೇ ಒಂದು ಹುಚ್ಚು ಪೋರ್ಟ್ ಸಾಕು.

ಹುಚ್ಚು ಪೋರ್ಟ್ ಹೇಗಿರುತ್ತದೆ ಅಂತ ಒಂದು ಉದಾಹರಣೆ. ಸೀರಿಯಲ್ ಪೋರ್ಟನ್ನು ಯಾರೋ ತಪ್ಪಿ ಡಯಲ್-ಇನ್ ಮೋಡ್‌ಗೆ ಇಟ್ಟಿದ್ದರು. ಅಂದರೆ ಆ ಪೋರ್ಟ್ ತಾನೇ ಲಾಗಿನ್ ಕೇಳುತ್ತದೆ. ಆ ಕಡೆ ಇದ್ದ ಸರ್ವರ್ ಕೂಡ ಲಾಗಿನ್ ಕೇಳುತ್ತದೆ. ಇದರ ಪ್ರಾಂಪ್ಟನ್ನು ಅದು ಯೂಸರ್‌ನೇಮ್ ಅಂದುಕೊಂಡು ಪಾಸ್‌ವರ್ಡ್ ಕೇಳಿತು. ಆ ಪ್ರಶ್ನೆಯನ್ನೇ ಇದು ಯೂಸರ್‌ನೇಮ್ ಅಂದುಕೊಂಡಿತು. ರಾತ್ರಿಯಿಡೀ ಇಬ್ಬರೂ ಒಬ್ಬರಿಗೊಬ್ಬರು "ಯಾರು ನೀನು?" ಅಂತ ಕೇಳುತ್ತಲೇ ಇದ್ದರು. ಬೆಳಿಗ್ಗೆ ಲಾಗ್ ತುಂಬ ಫೇಲ್ ಆದ ಲಾಗಿನ್‌ಗಳು. ಯಾರೋ ದಾಳಿ ಮಾಡುತ್ತಿದ್ದಾರೆ ಅಂತ ನಾವು ಒಂದು ಗಂಟೆ ಬೆವರಿದೆವು. ಯೂಸರ್‌ನೇಮ್ ಜಾಗದಲ್ಲಿ "ಪಾಸ್‌ವರ್ಡ್" ಅನ್ನುವ ಪದ ಕಂಡರೆ ದಾಳಿಗಿಂತ ಮೊದಲು ಪೋರ್ಟ್ ಮೋಡ್ ನೋಡಿ.

ಸಾಲುಗಳಲ್ಲಿ #033 ಅಂತ ಕಂಡರೆ ಅದು ಎಸ್ಕೇಪ್ ಅಕ್ಷರ, ಬಣ್ಣದ ಮೆನು ಬರೆಯುವ ಸಾಧನಗಳಿಂದ ಬರುತ್ತದೆ. ಆರ್‌ಸಿಸ್‌ಲಾಗ್ ಅದನ್ನು ಹೀಗೆ ಬದಲಿಸಿ ಬರೆಯುತ್ತದೆ, ತೊಂದರೆ ಇಲ್ಲ. ಇಡೀ ಸಾಲೇ ಅರ್ಥವಿಲ್ಲದ ಗುರುತುಗಳಾದರೆ ಬಾಡ್ ರೇಟ್ ತಾಳೆಯಾಗುತ್ತಿಲ್ಲ ಅಂತ.

ಇನ್ನು ಸುತ್ತುಬಳಸಿ ಬರುವ ಜಾಲ. ನಿಮ್ಮ ಲಾಗ್ ಸರ್ವರ್‌ನ ಸೀರಿಯಲ್ ಕನ್ಸೋಲ್ ಕೂಡ ಇದೇ ಪೆಟ್ಟಿಗೆಗೆ ಸಿಕ್ಕಿಸಿದೆಯಾ? ಹಾಗಿದ್ದರೆ ಆ ಒಂದು ಪೋರ್ಟ್‌ನ ಲಾಗಿಂಗ್ ಆಫ್ ಮಾಡಿ. ಲಾಗ್ ಸರ್ವರ್ ತನ್ನ ಕನ್ಸೋಲ್ ಮೇಲೆ ಒಂದು ಸಿಸ್‌ಲಾಗ್ ಸಾಲು ಮುದ್ರಿಸಿತು ಅನ್ನಿ. ಪೆಟ್ಟಿಗೆ ಅದನ್ನು ಹಿಡಿದು ವಾಪಸ್ ಲಾಗ್ ಸರ್ವರಿಗೇ ಕಳಿಸುತ್ತದೆ. ಅದು ಮತ್ತೆ ಮುದ್ರಿಸುತ್ತದೆ. ಮುಂದಿನದು ಹೇಳಬೇಕಿಲ್ಲ.

ಪಾಸ್‌ವರ್ಡ್ ವಿಷಯ. ಪೋರ್ಟ್ ಲಾಗಿಂಗ್ ಸಾಧಾರಣವಾಗಿ ಹಿಡಿಯುವುದು ಸಾಧನದಿಂದ ಬರುವ ಅಕ್ಷರಗಳನ್ನು. ಪಾಸ್‌ವರ್ಡ್ ಎಕೋ ಆಗುವುದಿಲ್ಲ, ಆದ್ದರಿಂದ ಲಾಗ್‌ಗೆ ಬರಬಾರದು. ಆದರೆ ಅವಸರದಲ್ಲಿ ಯೂಸರ್‌ನೇಮ್ ಜಾಗದಲ್ಲೇ ಪಾಸ್‌ವರ್ಡ್ ಟೈಪ್ ಮಾಡುವುದು ಎಲ್ಲರೂ ಮಾಡುವ ತಪ್ಪು, ಅಲ್ವಾ? ಅದು ಎಕೋ ಆಗುತ್ತದೆ, ಲಾಗ್‌ನಲ್ಲಿ ಹಾಗೇ ಕೂತಿರುತ್ತದೆ. ಸಾಧನದ ಕಾನ್ಫಿಗನ್ನು ಪರದೆ ಮೇಲೆ ತೋರಿಸಿದರೂ ಅದರಲ್ಲಿರುವ ಗುಟ್ಟುಗಳೆಲ್ಲ ಬರುತ್ತವೆ. ಪೋರ್ಟ್ ಲಾಗ್ ಫೈಲನ್ನು ಓದುವ ಅನುಮತಿ ಕೆಲವರಿಗೆ ಮಾತ್ರ ಇರಲಿ.

ಯಾವುದಕ್ಕೆ ಎಬ್ಬಿಸಬೇಕು, ಯಾವುದಕ್ಕೆ ಬೇಡ

ಎಲ್ಲದಕ್ಕೂ ಅಲರ್ಟ್ ಇಟ್ಟರೆ ಮೂರನೇ ವಾರಕ್ಕೆ ಯಾರೂ ನೋಡುವುದಿಲ್ಲ. ನಾನು ಹೀಗೆ ವಿಂಗಡಿಸಿಕೊಂಡಿದ್ದೇನೆ.

ರಾತ್ರಿಯಾದರೂ ಎಬ್ಬಿಸಬೇಕಾದವು ನಾಲ್ಕೇ: ಪೆಟ್ಟಿಗೆ ರೀಬೂಟ್ ಆದದ್ದು, ಕರ್ನಲ್ ಪ್ಯಾನಿಕ್, ಯಾರೂ ಕೇಳದೆ ಒಂದು ಸಾಧನದ ಬೂಟ್‌ಲೋಡರ್ ಬ್ಯಾನರ್ ಕಂಡದ್ದು, ಬ್ರೇಕ್ ಸಿಗ್ನಲ್ ಹೋದದ್ದು.

ಕೊನೆಯದಕ್ಕೆ ಸ್ವಲ್ಪ ವಿವರಣೆ ಬೇಕು. ಸೀರಿಯಲ್ ತಂತಿಯಲ್ಲಿ ಬ್ರೇಕ್ ಅನ್ನುವುದು ಅಕ್ಷರವಲ್ಲ, ಗೆರೆಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದಂತೆ. ಹಳೆಯ ಸನ್ ಸರ್ವರ್‌ಗಳು ಬ್ರೇಕ್ ಬಂದರೆ ಇದ್ದಲ್ಲೇ ನಿಂತು, ಫರ್ಮ್‌ವೇರ್ ಆಜ್ಞೆ ಕೇಳುವ ಓಕೆ ಪ್ರಾಂಪ್ಟಿಗೆ ಹೋಗಿಬಿಡುತ್ತಿದ್ದವು. ಕೆಲವು ಟರ್ಮಿನಲ್ ಸರ್ವರ್‌ಗಳು ಪವರ್ ಆಫ್-ಆನ್ ಆದಾಗ ತಾವಾಗಿ ಬ್ರೇಕ್ ಕಳಿಸುತ್ತಿದ್ದವು. ಪೆಟ್ಟಿಗೆ ಒಂದು ರೀಬೂಟ್ ಆದರೆ ಅದಕ್ಕೆ ಸಿಕ್ಕಿಸಿದ ಸರ್ವರ್‌ಗಳೆಲ್ಲ ಸಾಲಾಗಿ ನಿಲ್ಲುತ್ತಿದ್ದವು. ಈಗಲೂ ಬ್ರೇಕ್ ಅಂದರೆ ಆಟವಲ್ಲ. ಸಿಸ್‌ಆರ್‌ಕ್ಯು (ಕರ್ನಲ್‌ಗೆ ನೇರವಾಗಿ ಆಜ್ಞೆ ಕೊಡುವ ಸೌಲಭ್ಯ) ಆನ್ ಇರುವ ಲಿನಕ್ಸ್ ಸೀರಿಯಲ್ ಕನ್ಸೋಲಿನಲ್ಲಿ ಬ್ರೇಕ್ ಒತ್ತಿ ಐದು ಸೆಕೆಂಡಿನೊಳಗೆ "ಬಿ" ಅಕ್ಷರ ಒತ್ತಿದರೆ ಯಂತ್ರ ತಕ್ಷಣ ರೀಬೂಟ್. ಸಿಸ್ಕೊ ರೂಟರ್ ಬೂಟ್ ಆಗುವಾಗ ಬ್ರೇಕ್ ಕೊಟ್ಟರೆ ರಾಮ್‌ಮಾನ್‌ಗೆ (ಬೂಟ್ ಹಂತದ ಪುಟ್ಟ ಪ್ರೋಗ್ರಾಮ್) ಹೋಗಿ ನಿಲ್ಲುತ್ತದೆ. ಪಾಸ್‌ವರ್ಡ್ ಮುರಿಯುವ ದಾರಿಯೂ ಅದೇ.

ಬೆಳಿಗ್ಗೆ ನೋಡಿದರೆ ಸಾಕು ಅನ್ನುವವು: ಒಂದು ಪವರ್ ಸಪ್ಲೈ ಹೋದದ್ದು (ಇನ್ನೊಂದು ಇರುವವರೆಗೆ), ಡಿಸಿಡಿ ಬಿದ್ದದ್ದು, ಕಾನ್ಫಿಗ್ ಬದಲಾದದ್ದು, ಟ್ಯಾಕಾಕ್ಸ್ ಅಥವಾ ರೇಡಿಯಸ್ (ಎಲ್ಲರ ಲಾಗಿನ್ ಪರೀಕ್ಷಿಸುವ ಕೇಂದ್ರ ಸರ್ವರ್) ಸಿಗದೆ ಲೋಕಲ್ ಖಾತೆಯಿಂದ ಯಾರೋ ಒಳಬಂದದ್ದು. ಈ ಕೊನೆಯದು ದಿನದ ಹೊತ್ತಿನಲ್ಲಿ ಬದಲಾವಣೆಯ ಕೆಲಸ ಇಲ್ಲದಾಗ ಕಂಡರೆ ಫೋನ್ ಎತ್ತಿ ಕೇಳಿ.

ಪೋರ್ಟ್ ತೆರೆದ, ಮುಚ್ಚಿದ ಸುದ್ದಿಗೆ ಅಲರ್ಟ್ ಬೇಡ. ವಾರಕ್ಕೊಮ್ಮೆ ಪಟ್ಟಿ ತೆಗೆದು ಕಣ್ಣಾಡಿಸಿ. ನಾನು ಅದರಲ್ಲಿ ಹುಡುಕುವುದು ಒಂದನ್ನೇ: ಪೋರ್ಟ್ ಮುಚ್ಚಿದ ಸಾಲಿಗೆ ಮೊದಲು ಆ ಪೋರ್ಟ್ ಮಾತಿನಲ್ಲಿ ಲಾಗೌಟ್ ಇದೆಯಾ? ಇಲ್ಲ ಅಂದರೆ ರೂಟ್ ಶೆಲ್ ಹಾಗೇ ತೆರೆದಿದೆ. ಮುಂದೆ ಯಾರು ಆ ಪೋರ್ಟಿಗೆ ಬಂದರೂ ಪಾಸ್‌ವರ್ಡ್ ಇಲ್ಲದೆ ರೂಟ್.

ಮೆಸೇಜು ಬಾರದಿದ್ದಾಗ

ಶುರುವಿನಲ್ಲಿ ಹೇಳಿದ ಪೆಟ್ಟಿಗೆಗೆ ಬರೋಣ. ರೀಬೂಟ್ ಸಾಲುಗಳು ಬಂದಿದ್ದರೆ ಗೊತ್ತಾಗುತ್ತಿತ್ತು, ಸರಿ. ಆದರೆ ಒಂದೇ ಏಟಿಗೆ ಸತ್ತಿದ್ದರೆ? ಸತ್ತ ಪೆಟ್ಟಿಗೆ ಲಾಗ್ ಕಳಿಸುವುದಿಲ್ಲ. ಎಲ್ಲ ಚೆನ್ನಾಗಿರುವ ಪೆಟ್ಟಿಗೆಯೂ ಎಷ್ಟೋ ದಿನ ಏನೂ ಕಳಿಸುವುದಿಲ್ಲ. ಎರಡೂ ಒಂದೇ ಥರ ಕಾಣುತ್ತವೆ.

ಆದ್ದರಿಂದ ಅದು ಆಗಾಗ "ಇದ್ದೀನಿ" ಅನ್ನುವಂತೆ ಮಾಡಬೇಕು. ಹಳೆಯ ಸಿಸ್‌ಲಾಗ್‌ಡಿಯಲ್ಲಿ 20 ನಿಮಿಷಕ್ಕೊಮ್ಮೆ "ಮಾರ್ಕ್" ಅಂತ ಒಂದು ಸಾಲು ಬರೆಯುವ ಪದ್ಧತಿ ಇದಕ್ಕೇ ಇತ್ತು. ನಿಮ್ಮ ಪೆಟ್ಟಿಗೆಯಲ್ಲಿ ಅದು ಇದ್ದರೆ ಆನ್ ಮಾಡಿ. ಕ್ರಾನ್ (ಹೊತ್ತಿಗೆ ಸರಿಯಾಗಿ ಕಮಾಂಡ್ ಓಡಿಸುವ ಪ್ರೋಗ್ರಾಮ್) ಇದ್ದರೆ ಲಾಗರ್ ಕಮಾಂಡ್‌ನಿಂದ 10 ನಿಮಿಷಕ್ಕೊಂದು ಸಾಲು ಕಳಿಸಿ. ಎರಡೂ ಇಲ್ಲವಾ? ಆಗ ನನ್ನ ಇಷ್ಟದ ಉಪಾಯ: ಮಾನಿಟರಿಂಗ್ ಯಂತ್ರದಿಂದ 10 ನಿಮಿಷಕ್ಕೊಮ್ಮೆ, ಏನೂ ಮಾಡುವ ಅಧಿಕಾರವಿಲ್ಲದ ಒಂದು ಖಾತೆಯಿಂದ ಪೆಟ್ಟಿಗೆಗೆ ಎಸ್‌ಎಸ್‌ಎಚ್ ಲಾಗಿನ್ ಮಾಡಿ ಹೊರಬನ್ನಿ. ಆ ಲಾಗಿನ್ನಿನ ಸಾಲು ಲಾಗ್ ಸರ್ವರಿಗೆ ಬಂದರೆ ಎಸ್‌ಎಸ್‌ಎಚ್, ದೃಢೀಕರಣ, ಸಿಸ್‌ಲಾಗ್ ದಾರಿ ಮೂರೂ ಸರಿ ಇವೆ ಎಂದರ್ಥ. ಸುಮ್ನೆ ಪಿಂಗ್ ಮಾಡಿದರೆ ಇಷ್ಟು ಗೊತ್ತಾಗುವುದಿಲ್ಲ.

ಸತತ ಮೂರು ಸಲ ಸಾಲು ಬಾರದಿದ್ದರೆ ಅಲರ್ಟ್.

ಇದೇ ಉಪಾಯವನ್ನು ಸೀರಿಯಲ್ ಪೋರ್ಟ್‌ಗಳಿಗೂ ಮಾಡೋಣ, ಸ್ಕ್ರಿಪ್ಟ್‌ನಿಂದ ಪ್ರತಿ ಪೋರ್ಟಿಗೂ ಒಂದು ಎಂಟರ್ ಕಳಿಸಿ ಲಾಗಿನ್ ಪ್ರಾಂಪ್ಟ್ ಬರುತ್ತದಾ ನೋಡೋಣ ಅಂತ ಅನಿಸುತ್ತದೆ. ಬೇಡ. ಯಾರೋ ರೀಲೋಡ್ ಕಮಾಂಡ್ ಕೊಟ್ಟು "ಕನ್‌ಫರ್ಮ್" ಪ್ರಶ್ನೆಯ ಮುಂದೆ ಬಿಟ್ಟು ಊಟಕ್ಕೆ ಹೋಗಿರಬಹುದು. ಅಲ್ಲಿ ಎಂಟರ್ ಅಂದರೆ ಹೌದು. ಪೋರ್ಟ್‌ಗಳನ್ನು ಮೆಂಟೆನೆನ್ಸ್ ಹೊತ್ತಿನಲ್ಲಿ ಕೈಯಾರೆ, ಕಣ್ಣಾರೆ ನೋಡಿಯೇ ಪರೀಕ್ಷಿಸಿ.

ಎಲ್ಲ ಆದ ಮೇಲೆ ಒಂದು ದಿನ, ಮೊದಲೇ ತಿಳಿಸಿ, ಕನ್ಸೋಲ್ ಸರ್ವರ್‌ನ ಪವರ್ ಕೇಬಲ್ ಪೂರ್ತಿ ಎಳೆದು ಗಡಿಯಾರ ನೋಡುತ್ತಾ ಕೂರಿ. ನಮ್ಮಲ್ಲಿ ಅಲರ್ಟ್ 31ನೇ ನಿಮಿಷಕ್ಕೆ ಸರಿಯಾಗಿಯೇ ಹೊರಟಿತು. ಆದರೆ ಹೋದದ್ದು ಕೆಲಸ ಬಿಟ್ಟು ಎರಡು ತಿಂಗಳಾಗಿದ್ದ ಸಹೋದ್ಯೋಗಿಯ ಮೊಬೈಲಿಗೆ. ಅವರೇ ಫೋನ್ ಮಾಡಿ, "ನಿಮ್ಮ ಕನ್ಸೋಲ್ ಸರ್ವರ್ ಬಿದ್ದಿದೆಯಂತೆ, ನೋಡಿ" ಅಂದರು.